ತಿಂಗಳಿಗೊಂದು ಟೆಸ್ಟ್ ಇಡುತ್ತಿದ್ದ ಟೀಚರ್: ಬಾಗಿದ ಗರ್ಭಕೋಶ, ಖಾತ್ರಿಯಾಗದ ಎಂಡೊಮೆಟ್ರಿಯೋಸಿಸ್ – ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಮೊದಲ ಎರಡು ತಪ್ಪು ನನ್ನವೇ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ವೈದ್ಯೆ. ಸ್ತ್ರೀರೋಗ ತಜ್ಞೆ ಅಲ್ಲ. ಜ್ವರ, ಶುಗರ್, ಬಿ.ಪಿ., ಮಕ್ಕಳ ಕೆಮ್ಮು, ಇದರಲ್ಲೇ ದಿನ ಕಳೆಯುತ್ತದೆ. ಇಲ್ಲಿ ಹೇಳುತ್ತಿರುವ ಹೆಣ್ಣುಮಗಳನ್ನು ಸೌಮ್ಯ ಎಂದು ಕರೆಯುತ್ತೇನೆ, ಅವಳ ಹೆಸರು ಅದಲ್ಲ. ವಯಸ್ಸು, ಮನೆಯವರ ಕೆಲಸ ಮುಂತಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆದಾದ ಮೇಲೆ ಅವಳಿಗೆ ಓದಿ ಹೇಳಿದೆ. ಎರಡು ಕಡೆ "ಇದು ಬೇಡ ಮೇಡಂ" ಅಂದಳು. ಅವೆರಡೂ ಇಲ್ಲಿಲ್ಲ.

ಹಿನ್ನೆಲೆ

ಸೌಮ್ಯ ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. 2019ರಲ್ಲಿ ಮೊದಲ ಸಲ ಬಂದಾಗ ಅವಳಿಗೆ 23 ವರ್ಷ. ಬಿ.ಎಡ್. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಜೊತೆಗೆ ಅಮ್ಮ ಬಂದಿದ್ದರು, ಮಾತಾಡಿದ್ದೆಲ್ಲ ಅವರೇ. "ಡೇಟ್ ಆದಾಗ ಹೊಟ್ಟೆನೋವು ಅಂತ ಒದ್ದಾಡ್ತಾಳೆ ಡಾಕ್ಟ್ರೇ, ಎರಡು ದಿನ ಎದ್ದೇಳಲ್ಲ." 13ಕ್ಕೆ ಮೈನೆರೆದಿದ್ದಳು. 16ರ ಹೊತ್ತಿಗೆ ನೋವು ಜೋರಾಗಿತ್ತು. ಪಿಯುಸಿಯಲ್ಲಿ ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಲ್ಯಾಬ್‌ನಲ್ಲೇ ತಲೆಸುತ್ತಿ ಬಿದ್ದಿದ್ದಳು. ಓಂಕಾಳಿನ ಕಷಾಯ, ಮೆಂತ್ಯದ ನೀರು, ಹೊಕ್ಕುಳಿಗೆ ಹರಳೆಣ್ಣೆ ಎಲ್ಲ ಆಗಿತ್ತು. ಒಬ್ಬರು ಗ್ಯಾಸ್ಟ್ರಿಕ್ ಅಂತ ಆರು ತಿಂಗಳು ಮಾತ್ರೆ ಕೊಟ್ಟಿದ್ದರು.

ನಾನು ಎರಡು ಮೂರು ಪ್ರಶ್ನೆ ಕೇಳಿ, ನೋವು ಇಳಿಸುವ ಮೆಫೆನಾಮಿಕ್ ಆಸಿಡ್ ಮತ್ತು ಸೆಳೆತ ಬಿಡಿಸುವ ಡೈಸೈಕ್ಲೋಮಿನ್ ಸೇರಿದ ಮಾತ್ರೆ ಬರೆದೆ. ನಮ್ಮ ಕಡೆ ಹುಡುಗಿಯರ ಪರ್ಸ್‌ನಲ್ಲಿ ಬಾಚಣಿಗೆ ಇಲ್ಲದಿದ್ದರೂ ಈ ಮಾತ್ರೆ ಇರುತ್ತದೆ. "ಮದುವೆ ಆದಮೇಲೆ ಕಡಿಮೆ ಆಗುತ್ತೆ ಬಿಡಮ್ಮ" ಅಂತಲೂ ಸೇರಿಸಿದೆ. ಇದು ನಮ್ಮಮ್ಮ ನನಗೆ ಹೇಳಿದ್ದ ಮಾತು. ಎಂ.ಬಿ.ಬಿ.ಎಸ್. ಪುಸ್ತಕದಲ್ಲಿ ಓದಿದ್ದಲ್ಲ. ಆದರೂ ಬಿಳಿ ಕೋಟು ಹಾಕಿಕೊಂಡು ಹೇಳಿದೆ.

ಇದು ಮೊದಲ ತಪ್ಪು. ಮಾತ್ರೆ ಕೊಟ್ಟದ್ದು ತಪ್ಪಲ್ಲ. ಮತ್ತೆ ಯಾವಾಗ ಬರಬೇಕು ಅಂತ ಹೇಳಲಿಲ್ಲ. ಹಾಗಾಗಿ ಅವಳು ನನ್ನ ಹತ್ತಿರ ಬರಲಿಲ್ಲ, ಅದೇ ಹಳೆಯ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದಳು. ತಿಂಗಳಿಗೆ ಆರು ಮಾತ್ರೆ ಇದ್ದದ್ದು ಹತ್ತಾಯಿತು, ಆಮೇಲೆ ಹದಿನೈದು. ಇದರಲ್ಲಿರುವ ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಜ್ವರ, ಮೈಮೇಲೆ ಗುಳ್ಳೆ, ಒಳಗಿನ ಅಂಗಗಳಿಗೂ ಪೆಟ್ಟು ಕೊಡುವ ಅಲರ್ಜಿ ಬರಬಹುದು ಎಂದು ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಅವಳಿಗೆ ಹಾಗೇನೂ ಆಗಲಿಲ್ಲ, ಪುಣ್ಯ.

ಒಂದು ಪದ ಮನೆಗೆ ಬಂದದ್ದು

2021ರಲ್ಲಿ ಅಮ್ಮನೇ ಹಟ ಹಿಡಿದು ಸ್ಕ್ಯಾನಿಂಗ್ ಮಾಡಿಸಿದರು. ಮದುವೆ ಆಗಿರಲಿಲ್ಲವಾದ್ದರಿಂದ ಹೊಟ್ಟೆಯ ಮೇಲಿಂದ ಮಾತ್ರ ನೋಡಿದರು. ಲೀಟರ್‌ಗಟ್ಟಲೆ ನೀರು ಕುಡಿಸಿ, ಇನ್ನು ತಡೆಯಕ್ಕಾಗಲ್ಲ ಅನ್ನುವವರೆಗೆ ಕೂರಿಸಿ ಮಾಡುತ್ತಾರಲ್ಲ, ಅದು. ಎರಡೂ ಅಂಡಾಶಯ ನಾರ್ಮಲ್, ಗಡ್ಡೆ ಇಲ್ಲ, ನೀರು ತುಂಬಿಲ್ಲ. ಒಂದೇ ಒಂದು ಪದ ಬೇರೆ ಥರ ಇತ್ತು: ಗರ್ಭಕೋಶ 'ರೆಟ್ರೋವರ್ಟೆಡ್'.

ರಿಪೋರ್ಟು ನನ್ನ ಮೇಜಿಗೆ ಬಂತು. ನಾನು ಹೇಳಿದ್ದು: "ಗರ್ಭಕೋಶ ಸ್ವಲ್ಪ ಹಿಂದಕ್ಕೆ ಬಾಗಿದೆ. ಅದಕ್ಕೇ ನೋವಿರಬಹುದು."

ಇದು ಎರಡನೇ ತಪ್ಪು. ಮೊದಲಿನದಕ್ಕಿಂತ ದೊಡ್ಡದು.

ಹೆಚ್ಚಿನ ಹೆಂಗಸರಲ್ಲಿ ಗರ್ಭಕೋಶ ಮುಂದಕ್ಕೆ, ಮೂತ್ರಕೋಶದ ಮೇಲೆ ತಲೆಯಿಟ್ಟಂತೆ ಮಲಗಿರುತ್ತದೆ. ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಹಿಂದಕ್ಕೆ, ಬೆನ್ನಿನ ಕಡೆಗೆ ಬಾಗಿರುತ್ತದೆ. ಕೆಲವರು ಎಡಗೈಯಲ್ಲಿ ಬರೆಯುವ ಹಾಗೆ, ಅಷ್ಟೇ. ಬಹುಪಾಲು ಜನಕ್ಕೆ ಅದರಿಂದ ಏನೂ ತೊಂದರೆ ಇಲ್ಲ, ಹಾಗಿದೆ ಅಂತ ಗೊತ್ತೂ ಇರುವುದಿಲ್ಲ. ನೂರು ವರ್ಷದ ಹಿಂದೆ ಯುರೋಪ್, ಅಮೆರಿಕದ ವೈದ್ಯರೂ ನನ್ನ ಹಾಗೇ ಯೋಚಿಸುತ್ತಿದ್ದರು. ಬೆನ್ನುನೋವಿಗೂ ಬಾಗಿದ ಗರ್ಭಕೋಶ ಕಾರಣ, ಮಕ್ಕಳಾಗದ್ದಕ್ಕೂ ಅದೇ ಕಾರಣ. ಒಳಗೆ ಉಂಗುರದಂಥ ಆಸರೆ ಇಡುತ್ತಿದ್ದರು, ಹೊಟ್ಟೆ ಕೊಯ್ದು ಗರ್ಭಕೋಶವನ್ನು ಮುಂದಕ್ಕೆ ಎಳೆದು ಹೊಲಿಯುತ್ತಿದ್ದರು. ಏನೂ ತೊಂದರೆಯಿಲ್ಲದ ಎಷ್ಟೋ ಹೆಂಗಸರಲ್ಲೂ ಅದು ಹಾಗೇ ಇದೆ ಎಂದು ಗೊತ್ತಾದ ಮೇಲೆ ಆ ಹುರುಪು ಇಳಿಯಿತು.

ಆದರೆ ಇದಕ್ಕೆ ಒಂದು ಬಾಲ ಇದೆ. ಹುಟ್ಟಿನಿಂದಲೇ ಹಿಂದಕ್ಕೆ ಬಾಗಿ, ಸಲೀಸಾಗಿ ಅಲುಗಾಡುವ ಗರ್ಭಕೋಶ ಬೇರೆ. ಹಿಂದೆ ಏನೋ ಅಂಟಿ ಹಿಡಿದು ಎಳೆದಿರುವುದರಿಂದ ಬಾಗಿರುವುದು ಬೇರೆ. ಹಾಗೆ ಅಂಟು ಹಾಕುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಗರ್ಭಕೋಶ ಮತ್ತು ದೊಡ್ಡ ಕರುಳಿನ ನಡುವಿನ ಸಂದಿಯಲ್ಲಿ ಬೆಳೆಯುತ್ತದೆ. ಅಲ್ಲೆಲ್ಲ ಉರಿಯೂತ, ಕಲೆ, ಅಂಟು. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10ರಷ್ಟು ಜನರಿಗೆ ಇದು ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ರಿಪೋರ್ಟ್ ನೋಡಿದಾಗ ಕೇಳಬೇಕಿದ್ದ ಪ್ರಶ್ನೆ 'ಬಾಗಿದೆಯಾ' ಅಲ್ಲ, 'ಅಲುಗಾಡುತ್ತದೆಯಾ'. ನಾನು ಅದನ್ನು ಕೇಳಲಿಲ್ಲ.

ಪದ ಮಾತ್ರ ಮನೆಗೆ ಹೋಯಿತು. ನಾನು 'ಬಾಗಿದೆ' ಅಂದಿದ್ದೆ. ಮನೆ ಮುಟ್ಟುವಷ್ಟರಲ್ಲಿ 'ತಿರುಗಿದೆ' ಆಯಿತು, ದೊಡ್ಡಮ್ಮನ ಬಾಯಲ್ಲಿ 'ಜಾರಿದೆ' ಆಯಿತು. ಬಟ್ಟಿ ಸರಿದವರಿಗೆ ಹೊಟ್ಟೆ ನೀವಿ ಕೂರಿಸುವ ಅಜ್ಜಿಯೊಬ್ಬರ ಹತ್ತಿರ ಮೂರು ವಾರ ಕರೆದುಕೊಂಡು ಹೋದರು. ನೀವಿದ ರಾತ್ರಿ ನೋವು ಇನ್ನೂ ಜಾಸ್ತಿ. ಸೌಮ್ಯ ತಾನಾಗಿ ಮೊಬೈಲ್ ನೋಡಿ ಮಂಡಿಯೂರಿ ಎದೆ ನೆಲಕ್ಕೆ ತಾಗಿಸುವ ವ್ಯಾಯಾಮ ಶುರು ಮಾಡಿದಳು, ಬೋರಲು ಮಲಗಿದಳು. ರಿಪೋರ್ಟನ್ನು ಅಮ್ಮ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟರು. ಗಂಡು ನೋಡುತ್ತಿದ್ದ ಸಮಯ. "ಯಾರ ಹತ್ರಾನೂ ಬಾಯಿ ಬಿಡಬೇಡ" ಅಂದಿದ್ದರಂತೆ.

ಹೀಗೆ ಎರಡು ವರ್ಷ ಎಲ್ಲರೂ ಗರ್ಭಕೋಶವನ್ನು ನೆಟ್ಟಗೆ ಮಾಡುವುದರಲ್ಲೇ ಇದ್ದರು. ನೋವನ್ನು ಯಾರೂ ವಿಚಾರಿಸಲಿಲ್ಲ.

ಮಾರ್ಕ್ಸ್ ರಿಜಿಸ್ಟರ್

2022ರಲ್ಲಿ ಮದುವೆಯಾಯಿತು. 2023ರ ಜನವರಿಯಲ್ಲಿ, ಸಂಕ್ರಾಂತಿಯ ಮಾರನೇ ದಿನ, ಒಬ್ಬಳೇ ಬಂದಳು. ಕೂತವಳೇ ಕೇಳಿದಳು: "ಮೇಡಂ, ತಿರುಗಿರೋ ಗರ್ಭಕೋಶಾನ ಆಪರೇಷನ್ ಮಾಡಿ ಸರಿ ಮಾಡ್ತಾರಂತಲ್ಲ, ಎಷ್ಟಾಗುತ್ತೆ? ಚೀಟಿ ಎತ್ತಿದ ದುಡ್ಡಿದೆ."

ಹಬ್ಬದ ಮಾರನೇ ದಿನ ಕ್ಲಿನಿಕ್ ಖಾಲಿ. ಹೊರಗೆ ಬೆಂಚಿನ ಮೇಲೆ ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಅವತ್ತು ನಾನು ಸರಿಯಾದ ಪ್ರಶ್ನೆ ಕೇಳಿದ್ದಕ್ಕೆ ಅದೇ ಕಾರಣ. ಜಾಣತನ ಅಲ್ಲ, ಪುರುಸೊತ್ತು.

"ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್‌ಗೆ ಕೂತಾಗ ನೋವಾಗುತ್ತಾ?"

ಅವಳು ನನ್ನ ಮುಖ ನೋಡಿದಳು. "ಚಾಕು ಹಾಕಿದ ಹಾಗೆ. ನಿಮಗೆ ಹೇಗೆ ಗೊತ್ತಾಯ್ತು?"

ಉಳಿದದ್ದು ಒಂದೊಂದಾಗಿ ಬಂತು. ಸೊಂಟದಿಂದ ಎಡತೊಡೆಗೆ ಇಳಿಯುವ ನೋವು. ಗಂಡನ ಜೊತೆ ಸೇರಿದಾಗ ಆಳದಲ್ಲಿ ಏನೋ ತಾಗಿದಂತೆ ನೋವು, ಮಾರನೇ ದಿನದವರೆಗೂ ಉಳಿಯುವ ಹೊಟ್ಟೆ ಭಾರ. ಅದನ್ನು ಹೇಳುವಾಗ ಬಾಗಿಲ ಕಡೆ ನೋಡಿದಳು, ನಾನು ಎದ್ದು ಚಿಲಕ ಹಾಕಿ ಬಂದೆ.

"ನೋವಿದ್ದಾಗ ಶಾಲೆಯಲ್ಲಿ ಏನು ಮಾಡ್ತೀಯಮ್ಮ?"

"ಟೆಸ್ಟ್ ಇಡ್ತೀನಿ ಮೇಡಂ."

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ಪಾಠ ಮಾಡಬೇಕೆಂದರೆ ಬೋರ್ಡಿನ ಮುಂದೆ ನಿಂತಿರಬೇಕು. ಟೆಸ್ಟ್ ಕೊಟ್ಟರೆ ನಲವತ್ತು ನಿಮಿಷ ಮಕ್ಕಳು ಬರೆಯುತ್ತಾರೆ, ತಾನು ಕುರ್ಚಿಯಲ್ಲಿ ಕೂತು ಕಾಲನ್ನು ಜಾಮಿಟ್ರಿ ಸಾಮಾನಿನ ಮರದ ಪೆಟ್ಟಿಗೆಯ ಮೇಲೆ ಇಟ್ಟುಕೊಳ್ಳಬಹುದು. ಡೇಟ್ ಆದ ಮೊದಲೆರಡು ದಿನ ಎಂಟು, ಒಂಬತ್ತು, ಹತ್ತನೇ ಕ್ಲಾಸಿಗೆಲ್ಲ ಟೆಸ್ಟ್. ಆಮೇಲೆ ನೂರಿಪ್ಪತ್ತು ಪೇಪರ್ ತಿದ್ದುವ ಕೆಲಸ ಮನೆಗೆ. ನೋವು ಅಸಲು, ಪೇಪರ್ ಬಡ್ಡಿ. ಅವಳ ಮಕ್ಕಳು ಗಣಿತದಲ್ಲಿ ಮಾತ್ರ ಬಹಳ ಚೆನ್ನಾಗಿ ಮಾಡುತ್ತಿದ್ದರಂತೆ.

"ಮಾರ್ಕ್ಸ್ ರಿಜಿಸ್ಟರ್ ಇದೆಯಾ?" ಅಂದೆ. ಮಾರನೇ ದಿನ ಶಾಲೆಯಿಂದ ಬರುವಾಗ ತಂದಳು. ಉದ್ದನೆಯ ಹಸಿರು ರಟ್ಟಿನ ಪುಸ್ತಕ. ಇಬ್ಬರೂ ಕೂತು ಟೆಸ್ಟ್ ದಿನಾಂಕಗಳನ್ನು ಬೇರೆ ಹಾಳೆಗೆ ಇಳಿಸಿದೆವು. 2021ರಲ್ಲಿ 27, 28 ದಿನಕ್ಕೊಂದು ಸಾಲು, ಗಡಿಯಾರದ ಹಾಗೆ. 2022ರ ಜೂನ್ ನಂತರ ನಡುನಡುವೆ ಬೇರೆ ದಿನಾಂಕಗಳು ನುಸುಳಿದ್ದವು. ತಿಂಗಳ ಮಧ್ಯೆ ಒಂದು, ಡೇಟಿಗೆ ನಾಲ್ಕು ದಿನ ಮುಂಚೆ ಇನ್ನೊಂದು. ನವೆಂಬರ್‌ನಲ್ಲಿ ಐದು ಟೆಸ್ಟ್.

ನೋವು ಮುಟ್ಟಿನ ಗಡಿ ದಾಟಿ ಬಂದಿತ್ತು. ಅವಳಿಗೇ ಅದು ಗೊತ್ತಿರಲಿಲ್ಲ. "ಇಷ್ಟು ಟೆಸ್ಟ್ ಇಟ್ಟಿದ್ದೀನಾ" ಅಂತ ಎರಡು ಸಲ ಎಣಿಸಿದಳು. ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಆ ಹಾಳೆಯ ಮೇಲೆ.

ಅವಳನ್ನು ಕೇಳಿ, ಒಪ್ಪಿದ ಮೇಲೆ ಒಳಪರೀಕ್ಷೆ ಮಾಡಿದೆ. ಗರ್ಭಕೋಶ ಹಿಂದಕ್ಕೆ ಬಾಗಿತ್ತು. ಸುಮ್ಮನೆ ಬಾಗಿದ್ದಷ್ಟೇ ಆಗಿದ್ದರೆ ಬೆರಳಿಗೆ ಸ್ವಲ್ಪ ಓಲಾಡಬೇಕು. ಇದು ಓಲಾಡಲು ಬೇಸರಪಟ್ಟಿತು. ಹಿಂಭಾಗದಲ್ಲಿ ಒಂದು ಜಾಗ ಮುಟ್ಟಿದ ಕೂಡಲೇ "ಅಲ್ಲೇ, ಅಲ್ಲೇ" ಅಂದಳು. ನನ್ನ ಕೈ ತಜ್ಞರ ಕೈಯಲ್ಲ. ಜಿಲ್ಲಾ ಕೇಂದ್ರದ ಸ್ತ್ರೀರೋಗ ತಜ್ಞೆಗೆ ಪತ್ರ ಬರೆದೆ. ಈ ಸಲ 'ಮುಟ್ಟಿನ ನೋವು' ಎಂದು ಬರೆಯಲಿಲ್ಲ, 'ಶಂಕಿತ ಎಂಡೊಮೆಟ್ರಿಯೋಸಿಸ್' ಎಂದು ಬರೆದೆ. ದಿನಾಂಕಗಳ ಹಾಳೆಯನ್ನೂ ಪಿನ್ ಮಾಡಿದೆ.

ಅಲ್ಲಿ ಒಳಗಿನಿಂದ, ಅಂದರೆ ಯೋನಿಯೊಳಗೆ ಪ್ರೋಬ್ ಎಂಬ ಸಣ್ಣ ಕಡ್ಡಿಯಿಟ್ಟು, ಸ್ಕ್ಯಾನ್ ಮಾಡಿದರು. ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿದ ಗಡ್ಡೆ, ಇರಲಿಲ್ಲ. ಗಂಟೂ ಕಾಣಲಿಲ್ಲ. ಆದರೆ ಪ್ರೋಬಿನಿಂದ ಮೆಲ್ಲಗೆ ಒತ್ತಿದಾಗ ಗರ್ಭಕೋಶ ಕರುಳಿನ ಮೇಲೆ ಜಾರಬೇಕಾದಷ್ಟು ಜಾರಲಿಲ್ಲ. ಎಡ ಅಂಡಾಶಯವೂ ಇದ್ದಲ್ಲೇ ಇತ್ತು, ಅಲ್ಲಿ ಒತ್ತಿದರೆ ನೋವು. ಯಾರದೋ ಮಾತು ಕೇಳಿ ಅವಳು ಮಾಡಿಸಿಕೊಂಡಿದ್ದ ಸಿಎ-125 ರಕ್ತಪರೀಕ್ಷೆ ನಾರ್ಮಲ್ ಇತ್ತು. ಅದನ್ನು ತಜ್ಞೆ ಪಕ್ಕಕ್ಕಿಟ್ಟರು, ಈ ಕಾಯಿಲೆ ಇದೆ ಇಲ್ಲ ಎನ್ನಲು ಅದು ಕೆಲಸಕ್ಕೆ ಬಾರದು. ಅವರ ಬರಹದಲ್ಲೂ ಕೊನೆಗೆ ಅದೇ ಪದ: ಶಂಕಿತ.

ಖಾತ್ರಿ ಇಲ್ಲದ ಕಾಯಿಲೆಗೆ ಮಾತ್ರೆ

ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ನನ್ನ ಎದುರು ಕೂತರು. ಗಂಡನಿಗೆ ಗೊಬ್ಬರದ ಅಂಗಡಿ. ಮಾತು ಕಡಿಮೆ, ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು: "ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ಖಾತ್ರಿ ಇಲ್ಲದ ಕಾಯಿಲೆಗೆ ಹೆಂಗೆ ಡಾಕ್ಟ್ರೇ ಮಾತ್ರೆ ನುಂಗೋದು?"

ಹಿಂದೆಲ್ಲ ಇದಕ್ಕೆ ಒಂದೇ ಉತ್ತರ ಇತ್ತು. ಲ್ಯಾಪರೋಸ್ಕೋಪಿ, ಅಂದರೆ ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಹಾಕಿ ಕಣ್ಣಾರೆ ನೋಡಿದರೇ ಖಾತ್ರಿ. 2022ರಲ್ಲಿ ಬಂದ ಯುರೋಪಿನ ಮಾರ್ಗಸೂಚಿ ಈ ಪಟ್ಟನ್ನು ಸಡಿಲ ಮಾಡಿತು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಲಕ್ಷಣ ನೋಡಿ ಔಷಧ ಶುರು ಮಾಡಬಹುದು, ಅದು ಫಲ ಕೊಡದಿದ್ದರೆ ಅಥವಾ ಹೊಂದದಿದ್ದರೆ ಕ್ಯಾಮೆರಾ ಎಂದು ಅದು ಹೇಳುತ್ತದೆ. ತೆಳ್ಳಗೆ ಹರಡಿದ ಕಾಯಿಲೆ ಸ್ಕ್ಯಾನಿಗೆ ಸಿಗದೇ ಇರಬಹುದು. ಹಾಗಾಗಿ 'ಸ್ಕ್ಯಾನ್ ನಾರ್ಮಲ್' ಅಂದರೆ 'ಕಾಯಿಲೆ ಇಲ್ಲ' ಅಂತಲ್ಲ.

ಅವರಿಗೆ ನಾನು ಹೇಳಿದ್ದು ಇಷ್ಟು. ಆಪರೇಷನ್ ಮಾಡಿದರೆ ಹೆಸರು ಖಾತ್ರಿಯಾಗಬಹುದು, ಅಂಟು ಬಿಡಿಸಬಹುದು. ಆದರೆ ನೋವು ಮತ್ತೆ ಬರುವುದುಂಟು. ಅಂಡಾಶಯದ ಹತ್ತಿರ ಕತ್ತರಿ ಆಡಿಸುವುದಕ್ಕೆ ಅದರದ್ದೇ ಆದ ಬೆಲೆ ಇದೆ. ಮಾತ್ರೆ ತಗೊಂಡರೆ ಹೆಸರು ಅನುಮಾನದಲ್ಲೇ ಉಳಿಯುತ್ತದೆ, ನೋವು ಕಡಿಮೆಯಾಗಬಹುದು. ಬೇಡವೆಂದ ದಿನ ನಿಲ್ಲಿಸಬಹುದು. ಮಗು ಯಾವಾಗ ಬೇಕು?

"ಎರಡು ವರ್ಷ ಬೇಡ. ಎಂ.ಎಸ್ಸಿ. ಕಟ್ಟಿದ್ದೀನಿ" ಎಂದು ಸೌಮ್ಯ ಹೇಳಿದಳು. ಗಂಡನಿಗೂ ಆ ಮಾತು ಅವತ್ತೇ ಗೊತ್ತಾದದ್ದು ಅಂತ ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮಾತ್ರೇನೇ ಆಗ್ಲಿ" ಅಂದ.

ತಜ್ಞೆ ಡೈನೋಜೆಸ್ಟ್ 2 ಮಿ.ಗ್ರಾಂ. ಬರೆದರು, ದಿನಕ್ಕೊಂದು, ಬಿಡದೆ. ಮುಟ್ಟನ್ನು ಹೆಚ್ಚುಕಡಿಮೆ ನಿಲ್ಲಿಸಿ ಒಳಗಿನ ಆ ಅಂಶವನ್ನು ಮಂಕಾಗಿಸುವ ಹಾರ್ಮೋನು ಅದು. ಇದನ್ನು ಗರ್ಭನಿರೋಧಕ ಎಂದು ನಂಬುವಂತಿಲ್ಲ, ಕಾಂಡೋಮ್ ಬೇಕೇ ಬೇಕು. ಇದನ್ನು ಗಂಡನಿಗೆ ಬೇರೆಯಾಗಿ ಹೇಳಿದೆ. ಮೊದಲ ಕೆಲವು ತಿಂಗಳು ಚೂರುಚೂರು ರಕ್ತ ಕಾಣುತ್ತದೆ ಅಂತಲೂ ಹೇಳಿದೆವು. ಆದರೆ ಅದು ಅವರ ಮನೆಯಲ್ಲಿ ಏನಾಗಬಹುದು ಅಂತ ಯೋಚಿಸಲಿಲ್ಲ.

ನಲವತ್ತು ದಿನ ಹೊರಗೆ

2023ರ ಜೂನ್ ಕೊನೆಯಲ್ಲಿ ಶುರು ಮಾಡಿದಳು. ಎಂ.ಎಸ್ಸಿ. ಪರೀಕ್ಷೆ ಮುಗಿಯಲಿ ಅಂತ ಅಷ್ಟು ದಿನ ಕಾದಿದ್ದಳು. ನೋವು ಮೊದಲ ತಿಂಗಳಲ್ಲೇ ಸ್ವಲ್ಪ ಇಳಿಯಿತು. ರಕ್ತ ಮಾತ್ರ ನಿಲ್ಲಲಿಲ್ಲ. ಜಾಸ್ತಿ ಏನಿಲ್ಲ, ದಿನಾ ಒಂದು ಕಲೆ.

ಅತ್ತೆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಅಡುಗೆಮನೆ, ದೇವರಮನೆಗೆ ಹೋಗುವಂತಿಲ್ಲ. ಮೂರು ದಿನ ಸರಿ. ನಲವತ್ತು ದಿನ? ಮೊದಲ ವಾರ ಅತ್ತೆ ಏನೂ ಅನ್ನಲಿಲ್ಲ. ಮೂರನೇ ವಾರಕ್ಕೆ "ಇನ್ನೂ ನಿಂತಿಲ್ವಾ?" ಶುರುವಾಯಿತು. ಅಡುಗೆ, ಪೂಜೆ ಎಲ್ಲ ಅವರ ತಲೆ ಮೇಲೆ. ಆಗಸ್ಟ್ 25ಕ್ಕೆ ವರಮಹಾಲಕ್ಷ್ಮಿ ಹಬ್ಬ. ಮದುವೆಯಾದ ಮೇಲೆ ಎರಡನೇ ಹಬ್ಬ, ಕಳಸ ಕೂರಿಸಬೇಕಾದವಳು ಸೊಸೆ. ಸೌಮ್ಯ ಯಾರಿಗೂ ಹೇಳದೆ ಹತ್ತು ದಿನ ಮುಂಚೆ ಮಾತ್ರೆ ಬಿಟ್ಟಳು.

ಹಬ್ಬದ ಹಿಂದಿನ ದಿನವೇ ಮುಟ್ಟಾದಳು. ಎರಡು ತಿಂಗಳು ತಡೆದಿದ್ದ ನೋವು ಒಟ್ಟಿಗೆ ಬಂದಂತಿತ್ತು. ರಾತ್ರಿ ಹನ್ನೊಂದಕ್ಕೆ ಕ್ಲಿನಿಕ್ ಬಾಗಿಲು ಬಡಿದರು. ಇಂಜೆಕ್ಷನ್ ಕೊಟ್ಟು ಮಲಗಿಸಿದೆ. ಜೊತೆಗೆ ಬಂದದ್ದು ಅಮ್ಮ ಅಲ್ಲ, ಅತ್ತೆ. ಸೊಸೆ ಮಂಚದ ಅಂಚು ಕಚ್ಚಿ ಹಿಡಿದಿದ್ದನ್ನು ಅವರು ಮೊದಲ ಸಲ ನೋಡಿದ್ದರು.

"ತೆಗೆಸಿಬಿಡಿ ಡಾಕ್ಟರಮ್ಮ, ಒಂದು ಮಗು ಆದ್ಮೇಲೆ. ನಮ್ಮ ತಂಗಿ ಮೂವತ್ತೈದಕ್ಕೇ ತೆಗೆಸಿದ್ಲು, ಆರಾಮಾಗಿದ್ದಾಳೆ" ಅಂದರು. ನಮ್ಮ ಕಡೆ ಗರ್ಭಕೋಶ ತೆಗೆಸುವುದು ಹಲ್ಲು ಕೀಳಿಸಿದಷ್ಟು ಸಲೀಸಾಗಿಬಿಟ್ಟಿದೆ. ಬೇಡದಿದ್ದರೂ ತೆಗೆಯುವುದನ್ನು ತಡೆಯಿರಿ ಎಂದು ಆ ವರ್ಷ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಈ ಕಾಯಿಲೆ ಗರ್ಭಕೋಶದ ಹೊರಗಿದೆ, ಮನೆ ಕೆಡವಿದರೆ ಹಿತ್ತಲಿನ ಕಳೆ ಹೋಗುವುದಿಲ್ಲ ಅಂತ ವಿವರಿಸಿದೆ. ಅಷ್ಟಕ್ಕೆ ಒಪ್ಪಿದರು. ಆಮೇಲೆ ಮಾತ್ರೆಯ ವಿಷಯ, ರಕ್ತದ ವಿಷಯ ಬಂತು. ಇದು ಮುಟ್ಟಲ್ಲ, ಮಾತ್ರೆಗೆ ಒಳಪದರ ತೆಳುವಾಗಿ ಅಲ್ಲಲ್ಲಿ ಜಿನುಗುವುದು ಅಂದೆ.

ಅತ್ತೆ ಸ್ವಲ್ಪ ಯೋಚಿಸಿದರು. "ಅಂದ್ರೆ ಗಾಯದಿಂದ ರಕ್ತ ಬಂದ ಹಂಗೆ."

"ಹೆಚ್ಚುಕಡಿಮೆ ಹಾಗೇ."

"ಕೈ ಕೊಯ್ಕೊಂಡ್ರೆ ಯಾರೂ ಹೊರಗೆ ಕೂರಲ್ಲ, ಅಲ್ವಾ?" ಅಂದು ಎದ್ದರು. ತೀರ್ಪು ಮುಗಿಯಿತು. ಆ ಮನೆಯ ನಿಯಮದ ಬಗ್ಗೆ ನನಗೆ ನನ್ನದೇ ಅಭಿಪ್ರಾಯ ಇದೆ. ಅವತ್ತು ಅದನ್ನು ಮಂಡಿಸಿದ್ದರೆ ಗೆಲ್ಲುತ್ತಿರಲಿಲ್ಲ. ಅವರು ನಿಯಮ ಮುರಿಯದೆ ಅದರೊಳಗೇ ಒಂದು ಬಾಗಿಲು ತೆಗೆದರು.

ಫಲ, ಮತ್ತು ಉಳಿದ ಅರ್ಧ

ಮಾತ್ರೆ ಮತ್ತೆ ಶುರುವಾಯಿತು. ಡಿಸೆಂಬರ್ ಹೊತ್ತಿಗೆ ರಕ್ತ ನಿಂತಿತು. ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದರೆ ಮೊದಲು ಎಂಟು ಅನ್ನುತ್ತಿದ್ದವಳು ಎರಡು, ಮೂರು ಅನ್ನತೊಡಗಿದಳು. ಮೆಡಿಕಲ್ ಶಾಪಿನ ಮಾತ್ರೆ ತಿಂಗಳಿಗೆ ಹದಿನೈದರಿಂದ ಎರಡಕ್ಕೆ ಇಳಿಯಿತು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದನಂತೆ: "ಮಿಸ್, ಟೆಸ್ಟ್ ಇಟ್ಟು ಎರಡು ತಿಂಗಳಾಯ್ತು, ಇಡಲ್ವಾ?"

ಆದರೆ ಗಂಡನ ಜೊತೆಗಿನ ನೋವು ಅಷ್ಟಾಗಿ ಕಡಿಮೆ ಆಗಲಿಲ್ಲ. ನಾವು ಕೇಳದೇ ಇದ್ದರೆ ಅವಳು ಹೇಳುತ್ತಲೂ ಇರಲಿಲ್ಲ. ಹತ್ತು ವರ್ಷ ನೋವನ್ನು ಎದುರಿಸಿದ ಮೈ, ನೋವು ಬರುವ ಮುಂಚೆಯೇ ಕೆಳಹೊಟ್ಟೆಯ ಸ್ನಾಯುಗಳನ್ನು ಮುಷ್ಟಿ ಕಟ್ಟಿದಂತೆ ಬಿಗಿ ಹಿಡಿಯುತ್ತದೆ. ಹಾರ್ಮೋನಿಗೆ ಈ ಬಿಗಿತ ಬಿಡಿಸಲು ಬರುವುದಿಲ್ಲ. ತಜ್ಞೆ ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಸೌಮ್ಯ ಮೊಬೈಲ್ ನೋಡಿ ಕೀಗಲ್ ವ್ಯಾಯಾಮ ಮಾಡುತ್ತಿದ್ದಳು, ಬಿಗಿ ಹಿಡಿಯುವುದು. ಅವರು ಮೊದಲು ಅದನ್ನು ನಿಲ್ಲಿಸಿದರು. ಅವಳಿಗೆ ಬೇಕಿದ್ದದ್ದು ತದ್ವಿರುದ್ಧ, ಬಿಡುವುದು. ಹೊಟ್ಟೆ ತುಂಬ ಉಸಿರೆಳೆದು ಕೆಳಗೆ ಸಡಿಲ ಬಿಡುವ ಅಭ್ಯಾಸ ಮೂರು ತಿಂಗಳು ನಡೆಯಿತು. ಗರ್ಭಕೋಶದ ಬಾಗು ನಿಜವಾಗಿ ಲೆಕ್ಕಕ್ಕೆ ಬಂದದ್ದು ಇಲ್ಲಿ. ಹಿಂದಕ್ಕೆ ಬಾಗಿ ಅಂಟಿದಾಗ ಕೆಲವು ಭಂಗಿಗಳಲ್ಲಿ ನೋವಿನ ಜಾಗಕ್ಕೇ ಪೆಟ್ಟು ಬೀಳುತ್ತದೆ, ಪಕ್ಕಕ್ಕೆ ಮಲಗಿದರೆ ಅಥವಾ ಎಷ್ಟು ಆಳ ಎನ್ನುವುದು ಅವಳ ಕೈಯಲ್ಲಿದ್ದರೆ ಕಡಿಮೆ. ಇದನ್ನು ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಹೇಳಿದ್ದು ಫಿಸಿಯೋ. ನಾನಾಗಿದ್ದರೆ ತೊದಲುತ್ತಿದ್ದೆ.

2024ರ ಫೆಬ್ರವರಿಯಲ್ಲಿ ಗಂಡ ಫೋನ್ ಮಾಡಿದ. "ಸುಮ್ ಸುಮ್ನೆ ಅಳ್ತಾಳೆ ಡಾಕ್ಟ್ರೇ." ಮಾತ್ರೆಯಿಂದ ಮನಸ್ಸು ಕುಗ್ಗಬಹುದು, ಅದನ್ನು ಹಗುರವಾಗಿ ತಗೊಳ್ಳುವಂತಿಲ್ಲ. ಕರೆಸಿ ಕೇಳಬೇಕಾದ್ದನ್ನೆಲ್ಲ ಕೇಳಿದೆ, ಸಾಯುವ ಯೋಚನೆ ಬರುತ್ತದಾ ಎನ್ನುವುದನ್ನೂ ಸೇರಿಸಿ. ಹಾಗೇನಿರಲಿಲ್ಲ. ಬೇರೆ ಮಾತ್ರೆಗೆ ಬದಲಿಸಬಹುದು ಅಂದರೂ ಅವಳು ಒಪ್ಪಲಿಲ್ಲ: "ನೋವು ವಾಪಸ್ ಬಂದ್ರೆ ಅದಕ್ಕಿಂತ ಜಾಸ್ತಿ ಅಳ್ತೀನಿ." ವಾರಕ್ಕೊಮ್ಮೆ ಮಾತಾಡುವುದು ಅಂತ ಮಾಡಿಕೊಂಡೆವು. ಏಪ್ರಿಲ್‌ನಲ್ಲಿ ಸರಿಹೋದಳು. ಮೈ ಮಾತ್ರೆಗೆ ಹೊಂದಿಕೊಂಡಿತೋ, ಬೇಸಿಗೆ ರಜೆ ಬಂತೋ, ನಾನು ಪಣ ಕಟ್ಟುವುದಿಲ್ಲ.

ಇದರಿಂದ ನಾನು ಬದಲಿಸಿಕೊಂಡದ್ದು

ನೋವು ಎಷ್ಟಿದೆ ಎಂದು ಈಗ ಮೊದಲು ಕೇಳುವುದಿಲ್ಲ. ನಮ್ಮ ಹೆಣ್ಣುಮಕ್ಕಳು "ಇರುತ್ತೆ, ಎಲ್ರಿಗೂ ಇರುತ್ತಲ್ಲ" ಅನ್ನುತ್ತಾರೆ. ನೋವಿಗೋಸ್ಕರ ಏನೇನು ಬದಲಿಸಿಕೊಂಡಿದ್ದೀಯ ಅಂತ ಕೇಳುತ್ತೇನೆ. ಒಬ್ಬಳು ಬಸ್ಸಿನಲ್ಲಿ ಹಿಂದಿನ ಸೀಟು ಬಿಟ್ಟಿದ್ದಾಳೆ, ಕುಲುಕುತ್ತದೆ ಅಂತ. ಇನ್ನೊಬ್ಬಳು ಡೇಟಿಗೆ ಎರಡು ದಿನ ಮುಂಚೆ ಊಟ ಕಡಿಮೆ ಮಾಡುತ್ತಾಳೆ, ಟಾಯ್ಲೆಟ್‌ಗೆ ಹೋಗುವುದು ತಪ್ಪಲಿ ಅಂತ. ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದ್ದರೆ ಇದು ಹೊರಗೆ ಬರುತ್ತಿರಲಿಲ್ಲ.

ರಿಪೋರ್ಟಿನಲ್ಲಿ 'ರೆಟ್ರೋವರ್ಟೆಡ್' ಇದ್ದರೆ, ಅದು ಕಾಯಿಲೆಯಲ್ಲ ಎಂಬ ಮಾತನ್ನು ಮೊದಲು ಹೇಳಿ ಆಮೇಲೆ ಅರ್ಥ ಹೇಳುತ್ತೇನೆ. ನೋವೂ ಇದ್ದರೆ, ಗರ್ಭಕೋಶ ಅಲುಗಾಡುತ್ತದೆಯೇ ನೋಡಿ ಅಂತ ಸ್ಕ್ಯಾನ್ ಚೀಟಿಯಲ್ಲೇ ಬರೆಯುತ್ತೇನೆ. ಮದುವೆಯಾಗದವರಿಗೆ ಒಳಗಿನಿಂದ ಸ್ಕ್ಯಾನ್ ಬೇಕೋ ಬೇಡವೋ ಎನ್ನುವುದನ್ನು ಅವರ ಅಮ್ಮನನ್ನಲ್ಲ, ಅವರನ್ನೇ ಕೇಳುತ್ತೇನೆ. ಬೇಡವೆಂದರೆ ಎಂಆರ್‌ಐ ಇದೆ, ದುಬಾರಿ.

ಇನ್ನು 'ಶಂಕಿತ' ಎಂಬ ಪದ. ಖಾತ್ರಿಯಿಲ್ಲದೆ ಹೆಸರು ಕೊಟ್ಟರೆ ಸುಮ್ನೆ ಹೆದರುತ್ತಾರೆ ಅಂತ ನನ್ನ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಚೀಟಿ ಸಿಕ್ಕ ಮೇಲೆ ಸೌಮ್ಯ ಹೆದರಿದ್ದು ಕಡಿಮೆ, ಹೊಟ್ಟೆ ನೀವುವವರ ಹತ್ತಿರ ಹೋಗುವುದನ್ನು ಬಿಟ್ಟದ್ದೇ ಹೆಚ್ಚು.

ಈಗ

ಎಂ.ಎಸ್ಸಿ. ಮುಗಿಯಿತು. 2025ರ ಆಗಸ್ಟ್‌ನಲ್ಲಿ ಮಗುವಿಗೋಸ್ಕರ ಮಾತ್ರೆ ನಿಲ್ಲಿಸಿದರು. "ಬಾಗಿದ್ರೆ ಮಗು ನಿಲ್ಲಲ್ವಂತೆ" ಅಂತ ಇನ್ನೊಮ್ಮೆ ಕೇಳಿದಳು. ಬಾಗಿದ್ದರಿಂದ ಏನೂ ಆಗುವುದಿಲ್ಲ, ಮೂರು ತಿಂಗಳು ಕಳೆಯುವ ಹೊತ್ತಿಗೆ ಬಸಿರಿನ ಗರ್ಭಕೋಶ ಸಾಮಾನ್ಯವಾಗಿ ತಾನೇ ಮೇಲೇಳುತ್ತದೆ ಅಂದೆ. ಎಂಡೊಮೆಟ್ರಿಯೋಸಿಸ್ ಇದ್ದರೆ ಸ್ವಲ್ಪ ತಡವಾಗಬಹುದು, ಆದರೂ ಎಷ್ಟೋ ಜನಕ್ಕೆ ತಾನಾಗೇ ಆಗುತ್ತದೆ. ಆರು ತಿಂಗಳು ನೋಡಿ, ಆಗದಿದ್ದರೆ ಅಥವಾ ನೋವು ತಡೆಯಲಾಗದಿದ್ದರೆ ಲ್ಯಾಪರೋಸ್ಕೋಪಿ ಬಗ್ಗೆ ಕೂತು ಮಾತಾಡುವುದು ಎಂದು ತಜ್ಞೆ ಹೇಳಿದ್ದಾರೆ. ನೋವಿನ ಮಾತ್ರೆ ಮುಟ್ಟಾದ ದಿನಗಳಲ್ಲಿ ಮಾತ್ರ, ಊಟದ ಮೇಲೆ. ತಿಂಗಳ ಮಧ್ಯೆ ಬೇಡ, ಅಂಡ ಬಿಡುಗಡೆಗೆ ಅದು ಅಡ್ಡ ಬರಬಹುದು.

ಎರಡನೇ ತಿಂಗಳಿಗೇ ನೋವು ವಾಪಸ್ ಬಂತು. ಎಂಟು ಅಲ್ಲ, ಆರು ಅಂತಾಳೆ.

ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಬೇಕೆಂದು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತಲ್ಲ, ಪೇಪರಿನಲ್ಲಿ ಓದಿ ಅವಳಿಗೆ ಫೋನ್ ಮಾಡಿದೆ. "ನೋಡಿದೆ ಮೇಡಂ. ಆದ್ರೆ ರಜಾ ಚೀಟಿ ಹೆಡ್‌ಮಾಸ್ಟರ್ ಟೇಬಲ್ ಮೇಲೆ ಹೋಗುತ್ತೆ, ಅಲ್ಲಿಂದ ಸ್ಟಾಫ್ ರೂಮಿಗೆ. ಈ ತಿಂಗಳು ಡೇಟ್ ಆಗಿಲ್ಲ ಅಂದ್ರೆ ಅದೂ ಎಲ್ರಿಗೂ ಗೊತ್ತಾಗುತ್ತೆ" ಅಂದಳು. ಮಗುವಿಗೆ ಕಾಯುತ್ತಿರುವವಳ ಲೆಕ್ಕ. ನನಗೆ ಹೊಳೆದಿರಲಿಲ್ಲ.

ಹೋದ ಸೋಮವಾರ ಒಂಬತ್ತನೇ ಕ್ಲಾಸಿಗೆ ತ್ರಿಭುಜಗಳ ಮೇಲೆ ಟೆಸ್ಟ್ ಇತ್ತಂತೆ. ಈ ಸಲ ರಿಜಿಸ್ಟರ್‌ನಲ್ಲಿ ಆ ದಿನಾಂಕದ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದಾಗಿ 6 ಎಂದು ಬರೆದಿಟ್ಟಿದ್ದಾಳೆ.